ಏನೂ ಇಲ್ಲ, ಆಡು

"ಅಣ್ಣ, ಏನಾದ್ರೂ ಕಾಣ್ತಾ?"

ಎತ್ತರದ ಮೇಜಿನ ಮೇಲೆ ಕಾಲು ಚಾಚಿ ಕೂತಿದ್ದ ಗುಬ್ಬಿ ಕೇಳಿದ. ಎಕ್ಸ್‌ರೇ ಅಣ್ಣ ಸೀಸದ ಗಾಜಿನ ಆಚೆ, ಕಂಪ್ಯೂಟರಿನ ಮುಂದೆ ನಿಂತಿದ್ದ. ಪರದೆಯ ಮೇಲೆ ಗುಬ್ಬಿಯ ಎಡಗಾಲಿನ ಎರಡು ಚಿತ್ರ, ನೇರದ್ದೊಂದು, ಪಕ್ಕದ್ದೊಂದು. ಮಂಡಿಗೂ ಪಾದಕ್ಕೂ ನಡುವೆ, ಕಾಲಿನ ಮುಂಭಾಗದ ಎಲುಬಿನಲ್ಲಿ ಮೂರು ವಾರದಿಂದ ನೋವು ಎಂದು ಫುಟ್‌ಬಾಲ್ ಕ್ಲಬ್ಬಿನವರು ಚೀಟಿ ಬರೆದು ಕಳಿಸಿದ್ದರು. ಶುಕ್ರವಾರ ಸಂಜೆ ನಾಲ್ಕು ಗಂಟೆ. ಚಿತ್ರ ಓದಿ ವರದಿ ಬರೆಯುವ ಡಾಕ್ಟರಮ್ಮ ಮಧ್ಯಾಹ್ನವೇ ಹೊರಟುಹೋಗಿದ್ದರು. ವರದಿ ಇನ್ನು ಸೋಮವಾರಕ್ಕೇ. ಪಂದ್ಯ ಮಾತ್ರ ಭಾನುವಾರ.

ಈ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬುದು ಆ ಕೋಣೆಯ ಮೊದಲ ಪಾಠ. ಚಿತ್ರ ತೆಗೆಯುವವನು ತೆಗೆಯಬೇಕು, ಹೇಳುವವರು ಹೇಳಬೇಕು. "ಚಿತ್ರದಲ್ಲಿ ಏನಿದೆ ಎಂದು ಇಲ್ಲಿ ಕೇಳಬೇಡಿ" ಎಂಬ ಹಲಗೆಯನ್ನು ಇಪ್ಪತ್ತೊಂಬತ್ತು ವರ್ಷದ ಹಿಂದೆ ಗೋಡೆಗೆ ಹೊಡೆದವನೇ ಎಕ್ಸ್‌ರೇ ಅಣ್ಣ. ಅಂದಿನಿಂದ ಬಾಯಿಗೆ ಬೀಗ. ಎಷ್ಟು ಗಟ್ಟಿ ಬೀಗವೆಂದರೆ, ಸ್ವಂತ ಭಾವನ ಬೆನ್ನುಮೂಳೆಯಲ್ಲಿ ಕೆಟ್ಟ ನೆರಳು ಕಂಡ ದಿನವೂ ಅಕ್ಕನ ಮನೆಗೆ ಹೋಗಿ, ಅವಳು ಬಡಿಸಿದ್ದನ್ನು ಉಂಡು, ತುಟಿ ಪಿಟಕ್ಕೆನ್ನದೆ ಎದ್ದು ಬಂದಿದ್ದ. ಡಾಕ್ಟರು ಹೇಳಿದ್ದು ಮೂರು ದಿನದ ಮೇಲೆ. ಆ ಮೂರು ದಿನ ಅಕ್ಕ ಭಾವನ ಜೊತೆ ನಗುನಗುತ್ತಾ ಇದ್ದಳು.

ಅಂಥವನು ಈಗ ಪರದೆ ನೋಡಿದ. ಎಲುಬಿನ ಮುಂದಿನ ಅಂಚಿನಲ್ಲಿ, ನಡುಮಧ್ಯದಲ್ಲಿ, ಕೂದಲೆಳೆಯಷ್ಟು ಕಪ್ಪು ಗೆರೆಯೊಂದು ಇದ್ದಹಾಗಿತ್ತು. ಅವನು ಚಿತ್ರವನ್ನು ಹಿಗ್ಗಿಸಲಿಲ್ಲ. ಯಾರೋ ಬೇರೆಯವರ ಕಾಲಾಗಿದ್ದರೆ ಹಿಗ್ಗಿಸುತ್ತಿದ್ದ, ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತಿದ್ದ. ಆದರೆ ಇದು ಗುಬ್ಬಿಯ ಕಾಲು. ಭಾನುವಾರ ಗುಬ್ಬಿ ಇಲ್ಲದಿದ್ದರೆ ತಂಡಕ್ಕೆ ದಿಕ್ಕಿಲ್ಲ. ನೆರಳಿರಬೇಕು, ಚರ್ಮದ ಮಡಿಕೆಯಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಿದ್ದು ಸಾಲದೆ ಬಾಯಿಯನ್ನೂ ಬಿಟ್ಟ.

"ಏನೂ ಇಲ್ಲಪ್ಪ. ಕಲ್ಲಿನ ಹಾಗಿದೆ ಕಾಲು. ಹೋಗಿ ಆಡು. ಭಾನುವಾರ ಒಂದು ಗೋಲ್ ಬೇಕು ನಮಗೆ."

ಗುಬ್ಬಿ ಮೇಜಿನಿಂದ ಜಿಗಿದೇ ಬಿಟ್ಟ. "ನಿಮ್ಮ ಬಾಯಿಗೆ ಸಕ್ಕರೆ ಹಾಕ ಅಣ್ಣ!" ಎಂದು ಗಾಜಿನ ಆಚೆಗೆ ಬಂದು ಕೈ ಕುಲುಕಿ ಹೋದ. ಆ ಕೈಯನ್ನು ಎಕ್ಸ್‌ರೇ ಅಣ್ಣ ಸ್ವಲ್ಪ ಹೊತ್ತು ಹಾಗೇ ನೋಡಿಕೊಂಡ. ಸಾಯಂಕಾಲ ಅಕ್ಕನಿಗೆ ಫೋನ್ ಹಚ್ಚಿ, "ಅಕ್ಕಾ, ಗುಬ್ಬಿ ಆಡ್ತಾನೆ!" ಎಂದ. ಅಕ್ಕ ಫೋನಿನಲ್ಲೇ ಶಿಳ್ಳೆ ಹಾಕಿದಳು.

ಆ ವರ್ಷ ತಂಡಕ್ಕೆ ಯಾರ ಕಣ್ಣು ತಾಗಿತ್ತೋ ಏನೋ. ಎರಡನೇ ಪಂದ್ಯದಲ್ಲೇ ಗೋಲ್ ಕೀಪರನ ಕಿರುಬೆರಳು ಮುರಿಯಿತು. ಆಮೇಲೆ ನಾಯಕನ ಮಂಡಿ. ಅದು ಸರಿಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು ಮಂಡಿ. ಗೋಲು ಹೊಡೆಯಲೆಂದೇ ದೂರದಿಂದ ಕರೆಸಿದ್ದ ಆರಡಿ ಆಸಾಮಿ, ಅಭ್ಯಾಸದ ದಿನ ಸ್ವಂತ ಗೋಲ್ ಕೀಪರನಿಗೇ ಡಿಕ್ಕಿ ಹೊಡೆದು ಹೆಗಲೆಲುಬು ಮುರಿದುಕೊಂಡ. ಮೈದಾನಕ್ಕೆ ಹತ್ತಿರದ ಆಸ್ಪತ್ರೆ ಅದೊಂದೇ ಆದ್ದರಿಂದ ಎಲ್ಲರೂ ಸಾಲಾಗಿ ಎಕ್ಸ್‌ರೇ ಅಣ್ಣನ ಮೇಜಿಗೇ ಬಂದರು. "ಇನ್ನೊಂದಿಷ್ಟು ಜನ ಬಂದ್ರೆ ನಿನ್ನ ರೂಮಲ್ಲೇ ಮ್ಯಾಚ್ ಆಡಿಸಬಹುದು ಕಣೋ" ಎಂದು ಅಕ್ಕ ನಗುತ್ತಿದ್ದಳು. ನಗದೆ ಇನ್ನೇನು ಮಾಡುವುದು? ಪಟ್ಟಿಯಲ್ಲಿ ತಂಡ ಕೊನೆಯಿಂದ ಮೂರನೆಯದು. ಕೊನೆಯ ಮೂರು ತಂಡ ಕೆಳಗಿನ ದರ್ಜೆಗೆ ಹೋಗಬೇಕು. ಹೋದ ತಂಡಗಳು ತಿರುಗಿ ಬಂದದ್ದನ್ನು ಅಕ್ಕ ತಮ್ಮ ಇಬ್ಬರೂ ಹೆಚ್ಚು ಕಂಡಿರಲಿಲ್ಲ.

ಇಪ್ಪತ್ತಾರು ವರ್ಷದಿಂದ ಇಬ್ಬರದ್ದೂ ಉತ್ತರದ ಗ್ಯಾಲರಿಯಲ್ಲಿ ಅಕ್ಕಪಕ್ಕದ ಸೀಟು. ಅಕ್ಕ ಬಸ್ ಕಂಡಕ್ಟರಾಗಿ ನಿವೃತ್ತಿಯಾದವಳು. ಕೆಲಸ ಬಿಟ್ಟಿತ್ತೇ ಹೊರತು ಗಂಟಲು ಬಿಟ್ಟಿರಲಿಲ್ಲ. "ಮುಂದೆ ಹೋಗ್ರೀ, ಮುಂದೆ ಖಾಲಿ ಇದೆ!" ಎಂದು ಅವಳು ಕೂಗಿದರೆ ಎದುರಿನ ಗ್ಯಾಲರಿಯವರು ಕೂಡ ತಿರುಗಿ ನೋಡುತ್ತಿದ್ದರು. ಗಾಯಗೊಂಡವರೆಲ್ಲ ಒಂದು ತೂಕವಾದರೆ ಗುಬ್ಬಿಯೇ ಅವಳಿಗೆ ಒಂದು ತೂಕ. ಕುಳ್ಳ, ಇಪ್ಪತ್ತೆರಡು ವರ್ಷ, ಎಡಗಡೆಯ ಗೆರೆಗುಂಟ ಕುಪ್ಪಳಿಸಿಕೊಂಡು ಓಡುವವನು. ಹೆಸರಿಟ್ಟವಳೂ ಅವಳೇ. ಒಂದು ದಿನ ಅವಳು ಕೂಗಿದಳು, ಮುಂದಿನ ವಾರ ಗ್ಯಾಲರಿ ಕೂಗಿತು, ತಿಂಗಳೊಳಗೆ ಊರೇ ಗುಬ್ಬಿ ಎನ್ನತೊಡಗಿತು.

ಆ ಭಾನುವಾರ ಮೂವತ್ತೊಂದನೇ ನಿಮಿಷದಲ್ಲಿ ಗುಬ್ಬಿ ಬಿದ್ದ. ಯಾರೂ ಮುಟ್ಟಿರಲಿಲ್ಲ. ಓಡುತ್ತಿದ್ದವನು ಎಡಗಾಲೂರಿ ತಿರುಗಿದ, ಅಷ್ಟೇ. ಸದ್ದು ಗ್ಯಾಲರಿಯ ಮೊದಲ ಸಾಲುಗಳವರೆಗೆ ಕೇಳಿಸಿತು ಎಂದು ಆಮೇಲೆ ಜನ ಹೇಳಿಕೊಂಡರು. ಎಕ್ಸ್‌ರೇ ಅಣ್ಣ ಕೂತದ್ದು ಹದಿನೆಂಟನೆಯ ಸಾಲಿನಲ್ಲಿ, ಅವನಿಗೂ ಕೇಳಿಸಿತು. ಎಲ್ಲಿ ಮುರಿದಿದೆ ಎಂದು ಆ ಮೈದಾನದಲ್ಲಿ ಗೊತ್ತಿದ್ದವನು ಅವನೊಬ್ಬನೇ. ಸೋಮವಾರ ಬೆಳಿಗ್ಗೆ ಡಾಕ್ಟರಮ್ಮ ಬಂದು, ಶುಕ್ರವಾರದ ಚಿತ್ರ ತೆರೆದು, ಕೂತವರು ಕೂತಹಾಗೇ "ಅಯ್ಯೋ" ಎಂದರು. ಎಲುಬಿನಲ್ಲಿ ಬಿರುಕು, ಕಾಲೂರಕೂಡದು ಎಂದು ವರದಿ ಬರೆದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ವರದಿ ಯಾರಿಗೆ ಬೇಕಿತ್ತು ಆಗ!

ಎಕ್ಸ್‌ರೇ ಅಣ್ಣನನ್ನು ಯಾರೂ ಏನೂ ಕೇಳಲಿಲ್ಲ. ವರದಿಗೆ ಕಾಯದೆ ಆಡಿಸಿದ ಕ್ಲಬ್ಬು ಬಾಯಿ ಮುಚ್ಚಿಕೊಂಡಿತು. ಗುಬ್ಬಿ ಯಾರ ಹೆಸರನ್ನೂ ಎತ್ತಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಕೇಳುವವರಿಲ್ಲದ ತಪ್ಪು ಅವನನ್ನು ತಿನ್ನತೊಡಗಿತು. ಪ್ರತಿ ಪಂದ್ಯಕ್ಕೂ ಅಕ್ಕ ಅದನ್ನೇ ಕೆದಕುತ್ತಿದ್ದಳು.

"ಆ ಕಾಲು ನೋಡಿ ಆಡು ಅಂದ ಡಾಕ್ಟರು ಯಾವನೋ? ಅವನ ಕಣ್ಣು ಇಂಗಿಹೋಗ! ಅವನ ಮನೆ ಹಾಳಾಗ!"

ಹಾಳಾಗಬೇಕಾದ ಮನೆ ಅವಳದೇ ತವರುಮನೆ ಎಂದು ಪಕ್ಕದಲ್ಲಿ ಕೂತವನು ಹೇಗೆ ಹೇಳಿಯಾನು? "ಬಿಡಕ್ಕ" ಎನ್ನುತ್ತಿದ್ದ. "ಏನು ಬಿಡೋದು? ನಿನಗೇನೋ ಗೊತ್ತು, ಎಲುಬು ದಿನಾ ನೋಡಿ ನೋಡಿ ನಿನಗೆ ಕರುಳೇ ಇಲ್ಲ" ಎಂದು ಅವಳು ಇವನಿಗೇ ಬೈಯುತ್ತಿದ್ದಳು. ಆ ಬೈಗುಳ ಅವನಿಗೆ ಸ್ವಲ್ಪ ಹಿತವಾಗಿಯೇ ಇರುತ್ತಿತ್ತು.

ಆರು ವಾರ ಕಳೆದ ಮೇಲೆ, ಕೊನೆಯ ಪಂದ್ಯಕ್ಕೆ ನಾಲ್ಕು ದಿನ ಇರುವಾಗ, ಗುಬ್ಬಿ ಊರುಗೋಲಿನ ಮೇಲೆ ಮತ್ತೆ ಆ ಕೋಣೆಗೆ ಬಂದ. ಎಲುಬಿನೊಳಗೆ ಉಕ್ಕಿನ ಸರಳು ಹಾಕಿದ್ದರು. ಕೂಡಿಕೊಂಡಿದೆಯೋ ಇಲ್ಲವೋ ನೋಡಬೇಕಿತ್ತು. ಎಕ್ಸ್‌ರೇ ಅಣ್ಣ ಅವನ ಕಂಕುಳಿಗೆ ಕೈಕೊಟ್ಟು ಮೇಜಿನ ಮೇಲೆ ಕೂರಿಸಿದ. ಕಾಲಿನ ಕೆಳಗೆ ಮರಳಿನ ಚೀಲವಿಟ್ಟು, "ಅಲ್ಲಾಡಬೇಡ" ಎಂದು ಗಾಜಿನ ಆಚೆ ಹೋದ. ಪರದೆಯ ಮೇಲೆ ಚಿತ್ರ ಬಂತು. ಸರಳು ಬೆಳ್ಳಗೆ ನೆಟ್ಟಗಿತ್ತು. ಎಲುಬಿನ ಎರಡು ತುದಿಗಳು ಮಾತ್ರ ಮುನಿಸಿಕೊಂಡ ದಾಯಾದಿಗಳ ಹಾಗೆ ಬೇರೆ ಬೇರೆ ನಿಂತಿದ್ದವು. ಈ ವಯಸ್ಸಿಗೆ, ಆರು ವಾರಕ್ಕೆ, ಸ್ವಲ್ಪವಾದರೂ ಮಸುಕುಮಸುಕಾಗಿ ಬೆಸುಗೆ ಕಾಣಬೇಕಿತ್ತು.

ಗುಬ್ಬಿ ಈ ಸಲ ಏನೂ ಕೇಳಲಿಲ್ಲ. ಅದನ್ನು ಎಕ್ಸ್‌ರೇ ಅಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ. ಈಚೆ ಬಂದು ಮೇಜಿನ ಪಕ್ಕ ನಿಂತ.

"ಆವತ್ತು ನಿಂಗೆ ಆಡು ಅಂದೋನು ನಾನೇ ಕಣಪ್ಪ."

"ಗೊತ್ತಣ್ಣ."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

ಗುಬ್ಬಿ ಗೋಡೆಯ ಕಡೆ ನೋಡುತ್ತಾ ನಕ್ಕ. "ಏನಂತ ಹೇಳ್ಲಿ? ಆವತ್ತು ಒಳಗೆ ಬರ್ತಾನೇ ನಿಮ್ಮ ಟೇಬಲ್ ಮೇಲೆ ನಮ್ಮ ಟೀಮಿನ ಚಿಹ್ನೆ ಇರೋ ಲೋಟ ನೋಡ್ದೆ. ಅದನ್ನ ನೋಡೇ ನಿಮ್ಮನ್ನ ಕೇಳಿದ್ದು. ಡಾಕ್ಟ್ರನ್ನ ಕೇಳಿದ್ರೆ ಬೇಡ ಅಂದ್ಬಿಡ್ತಿದ್ರು. ಆಡು ಅನ್ನೋರು ಒಬ್ರು ಬೇಕಿತ್ತು ನಂಗೆ." ಸ್ವಲ್ಪ ತಡೆದು ಹೇಳಿದ, "ನೀವು ಮನಸ್ಸಿಗೆ ಹಚ್ಕೋಬೇಡಿ ಅಣ್ಣ. ನಿಮ್ದೇನು ತಪ್ಪು? ನಿಮಗೇನೂ ಕಂಡಿರ್ಲಿಲ್ಲ."

ಅಲ್ಲಿಗೆ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಹುಡುಗ ಕ್ಷಮೆಯನ್ನು ಅಂಗೈಯಲ್ಲಿಟ್ಟು ಕೊಟ್ಟಿದ್ದ. ಇಸಿದುಕೊಂಡು ಮನೆಗೆ ಹೋಗಬಹುದಿತ್ತು, ಎಷ್ಟೋ ದಿನದ ಮೇಲೆ ನಿದ್ದೆ ಮಾಡಬಹುದಿತ್ತು.

"ಕಂಡಿತ್ತು" ಎಂದ ಎಕ್ಸ್‌ರೇ ಅಣ್ಣ. "ಸಣ್ಣ ಗೆರೆ. ಕಂಡಿತ್ತು ನಂಗೆ."

ಗುಬ್ಬಿ ಅವನನ್ನೇ ನೋಡಿದ. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದುಕೊಂಡು ಎಕ್ಸ್‌ರೇ ಅಣ್ಣ ನಿಂತೇ ಇದ್ದ. ಗುಬ್ಬಿ, "ಆ ಚಪ್ಪಲಿ ಕೊಡ್ತೀರಾ?" ಎಂದ. ಎಕ್ಸ್‌ರೇ ಅಣ್ಣ ನೆಲಕ್ಕೆ ಮಂಡಿಯೂರಿ, ಹುಡುಗನ ಬಲಗಾಲಿಗೆ ಚಪ್ಪಲಿ ತೊಡಿಸಿದ. ಊರುಗೋಲು ಎತ್ತಿಕೊಟ್ಟ. ಗುಬ್ಬಿ ಹೋಗುವಾಗ ಬಾಗಿಲು ತೆಗೆಯಲು ಒದ್ದಾಡಿದ. ಇವನು ಓಡಿಹೋಗಿ ತೆಗೆದ. ಗುಬ್ಬಿ ತಿರುಗಿ ನೋಡಲಿಲ್ಲ.

ಭಾನುವಾರ ಗೆಲ್ಲಲೇಬೇಕಿತ್ತು. ಒಂದು ಗೋಲು ಹೊಡೆದರು, ಒಂದು ಹೊಡೆಸಿಕೊಂಡರು. ಕೊನೆಯ ಹತ್ತು ನಿಮಿಷ ಚೆಂಡು ಎಡಗಡೆಯ ಗೆರೆಗೆ ನಾಲ್ಕು ಸಲ ಬಂತು. ನಾಲ್ಕು ಸಲವೂ ಅಲ್ಲಿ ಓಡುವವರಿಲ್ಲದೆ ಹೊರಗೆ ಹೋಯಿತು. "ಗುಬ್ಬಿ ಇದ್ದಿದ್ರೆ" ಎಂದು ಹಿಂದಿನ ಸಾಲಿನವನೊಬ್ಬ ನಿಟ್ಟುಸಿರು ಬಿಟ್ಟ. ಕೊನೆಯ ಸೀಟಿ ಊದಿದರು. ತಂಡ ಕೆಳಗಿನ ದರ್ಜೆಗೆ ಹೋಯಿತು. ಹದಿನಾಲ್ಕು ಸಾವಿರ ಜನ ಇದ್ದ ಜಾಗದಲ್ಲಿ ಯಾವುದೋ ಒಂದು ಮಗು ಅಳುವುದಷ್ಟೇ ಕೇಳಿಸುತ್ತಿತ್ತು.

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಎಲ್ಲ ಆ ಪಾಪಿ ಕೈಲಿ ಆದದ್ದು" ಎಂದಳು. "ಯಾವನೋ, ಎಲ್ಲಿದಾನೋ, ಚೆನ್ನಾಗಿ ಉಂಡುಕೊಂಡಿದಾನೋ ಏನೋ."

"ಇಲ್ಲೇ ಇದೀನಕ್ಕ."

"ನೀನು ಇಲ್ಲದೆ ಎಲ್ಲಿಗೆ ಹೋಗ್ತೀಯ? ನಾನು ಅಂತಿರೋದು..." ಅಕ್ಕನ ಮಾತು ಅಲ್ಲಿಗೇ ನಿಂತಿತು. ತಮ್ಮನ ಮುಖ ನೋಡಿದಳು. ಅವನು ಹೇಳಿದ. ಶುಕ್ರವಾರ, ಗೆರೆ, ಆಡಿದ ಮಾತು, ಮೊನ್ನೆಯ ಚಿತ್ರ, ಒಂದನ್ನೂ ಬಿಡದೆ ಹೇಳಿದ. ಅವಳು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಅವಳ ಜೀವಮಾನದಲ್ಲಿ ಹಾಗಾದದ್ದು ಅದೇ ಮೊದಲಿರಬೇಕು.

ಆಮೇಲೆ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದಳು. "ನನ್ನ ಗಂಡನ ವಿಷಯ ಮೂರು ದಿನ ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಕೈಯೂಟ ಉಂಡೋನು ನೀನು. ನಾನು ಒಂದು ಮಾತು ಕೇಳ್ಲಿಲ್ಲ. ನಿನ್ನ ಕೆಲಸ ಹಾಗೆ ಅಂದ್ಕೊಂಡೆ. ಈ ಹುಡುಗನಿಗೋಸ್ಕರ ಸೋಮವಾರದವರೆಗೆ ಬಾಯಿ ಮುಚ್ಚಿಕೊಂಡಿರೋಕೆ ಆಗ್ಲಿಲ್ವೇನೋ ನಿಂಗೆ?"

"ಆಗ್ಲಿಲ್ಲ ಅಕ್ಕ."

"ಯಾಕೆ?"

"ಗೆಲ್ಲಬೇಕಿತ್ತು" ಎಂದ. ಹೇಳಿದ ಮೇಲೆ ಅದು ಎಂಥ ಚಿಲ್ಲರೆ ಮಾತು ಎಂದು ಅವನಿಗೇ ಅನ್ನಿಸಿ ತಲೆ ತಗ್ಗಿಸಿದ.

ಅಷ್ಟರಲ್ಲಿ ಆಟಗಾರರು ಜನರಿಗೆ ಕೈಮುಗಿಯಲು ಮೈದಾನದ ಸುತ್ತ ಬರತೊಡಗಿದರು. ಎಲ್ಲರಿಗಿಂತ ಹಿಂದೆ ಗುಬ್ಬಿ, ಊರುಗೋಲಿನ ಮೇಲೆ. ಉತ್ತರದ ಗ್ಯಾಲರಿ ಎದ್ದು ನಿಂತಿತು. "ಗುಬ್ಬಿ! ಗುಬ್ಬಿ!" ಎಂದು ಸಾವಿರ ಗಂಟಲು ಕೂಗಿದವು. ಹೆಸರಿಟ್ಟವಳು ಮಾತ್ರ ಕೂಗಲಿಲ್ಲ. ಎದ್ದು ನಿಂತಳು, ಬೆನ್ನು ತಮ್ಮನ ಕಡೆಗಿತ್ತು.

ಅವನೂ ಎದ್ದ. ಅವನ ಕಣ್ಣು ಹೋದದ್ದು ಎಡಗಾಲಿಗೆ. ಪಾದ ಹುಲ್ಲಿಗೆ ತಾಗುತ್ತಿರಲಿಲ್ಲ. ನೋವಿಗೆ ಎತ್ತಿ ಹಿಡಿದಿದ್ದಾನೋ, ಡಾಕ್ಟರು ಹೇಳಿದ್ದಕ್ಕೋ? ತೊಡೆ ಸೊರಗಿದೆ. ಇನ್ನೊಂದು ಆಪರೇಷನ್ ಆಗಲೇಬೇಕು. ಅದಾದರೂ ಓಡುವ ಕಾಲಲ್ಲ ಅದು, ನಡೆಯುವ ಕಾಲು.

"ಕಾಲು ನೋಡಿದ್ದು ಸಾಕು" ಎಂದಳು ಅಕ್ಕ, ತಿರುಗದೆಯೇ. "ಮುಖ ನೋಡು ಅವನದ್ದು."

ಅವನು ಕಣ್ಣೆತ್ತಿದ. ಗುಬ್ಬಿ ಗ್ಯಾಲರಿಯ ಎದುರಿಗೆ ಬಂದು ನಿಂತಿದ್ದ. ಕೆನ್ನೆಯೆಲ್ಲ ಒದ್ದೆ. ಎರಡೂ ಕೈ ಊರುಗೋಲಿನ ಮೇಲಿದ್ದುದರಿಂದ ಒರೆಸಿಕೊಳ್ಳಲು ಅವನಿಗೆ ಆಗುತ್ತಿರಲಿಲ್ಲ. ಹಾಗೇ ಮುಖವೆತ್ತಿ ಜನರ ಕಡೆ ನೋಡುತ್ತ ನಿಂತಿದ್ದ.