ಅಂಗಳಕ್ಕೊಂದು ಚೊಂಬು ನೀರು

ನಮ್ಮ ಮನೆ ಬಾಗಿಲಿಂದ ಗೇಟಿಗೆ ಹದಿನಾರು ಹೆಜ್ಜೆ. ಅಷ್ಟು ದಾಟಲು ನಮ್ಮತ್ತೆಗೆ ಇಬ್ಬರ ನೆರವು ಬೇಕಾಗಿತ್ತು. ಸೊಂಟದ ಮೂಳೆ ಮುರಿದ ಮೇಲೆ ಅವರು ಗಾಲಿಕುರ್ಚಿಯಲ್ಲೇ ಓಡಾಡುವುದು. ಮನೆಯೊಳಗೆ ಅವರ ಸವಾರಿಗೆ ತಡೆಯಿಲ್ಲ. ಅಡುಗೆಮನೆಗೆ ಬಂದು, ಒಲೆಯ ಉರಿ ಜಾಸ್ತಿಯಾಯಿತೆಂದು ನನಗೆ ಹೇಳಿಯೇ ಹೋಗುತ್ತಾರೆ. ಹೊರಗಿನ ಅಂಗಳ ಮಾತ್ರ ಬರೀ ಗುಂಡಿ, ಒಡೆದ ಕಲ್ಲು.

ವಾರಕ್ಕೆರಡು ಸಲ ಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಬೇಕು. ನಾನೂ ನಮ್ಮವರೂ ಕುರ್ಚಿ ಸಮೇತ ಅವರನ್ನು ಎತ್ತಿಕೊಂಡು ಗೇಟಿಗೆ ಒಯ್ಯುತ್ತಿದ್ದೆವು. ಎದುರುಮನೆಯವರು ನೋಡುತ್ತಾರೆಂದು ಅತ್ತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ದಿನ ಅಂದೇಬಿಟ್ಟರು, "ನನ್ನನ್ನ ಮೂಟೆ ಹೊತ್ತ ಹಾಗೆ ಹೊರಬೇಡಿ. ನಾನಿನ್ನು ಎಲ್ಲಿಗೂ ಬರಲ್ಲ." ವ್ಯಾಯಾಮ ನಿಂತರೆ ಅವರು ಮತ್ತೆ ಎದ್ದು ನಿಲ್ಲುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಅಂಗಳಕ್ಕೆ ಕಾಂಕ್ರೀಟು ಹಾಕಿಸೋಣ ಎಂದು ನಮ್ಮವರು ಮಾರನೆಯ ದಿನವೇ ಒಬ್ಬ ಗುತ್ತಿಗೆದಾರನನ್ನು ಕರೆಸಿದರು. ಆತ ಬೈಕಿನಿಂದ ಇಳಿಯಲೂ ಇಲ್ಲ, ಗೇಟಿನ ಮೇಲಿಂದಲೇ ಇಣುಕಿದ.

"ನೀರು ಬಾಗಿಲ ಕಡೆ ಬರಬಾರದು," ಎಂದೆ.

"ಆಯ್ತು ಬಿಡಿ."

"ವೀಲ್‌ಚೇರ್ ಸಲೀಸಾಗಿ ಹೋಗಬೇಕು."

"ಆಯ್ತು ಬಿಡಿ."

"ಬಿರುಕು ಬಿಟ್ರೆ?"

"ಅದೂ ಆಯ್ತು ಬಿಡಿ. ನಾಳೆ ಬೆಳಿಗ್ಗೆ ಬರ್ತೀನಿ, ಸಂಜೆಗೆ ಮುಗಿಸ್ತೀನಿ."

ನಮ್ಮವರ ಮುಖ ಅರಳಿತು. "ನೋಡು, ಒಂದಕ್ಕಾದ್ರೂ ಇಲ್ಲ ಅಂದ್ನಾ? ಇಂಥೋರು ಸಿಗಬೇಕಲ್ಲ."

ಪಕ್ಕದ ಮನೆಯ ಟೇಪಕ್ಕ ಕಾಂಪೌಂಡಿನ ಆಚೆಯಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಕಟ್ಟಡಗಳ ಕೆಲಸ ಮಾಡಿಸಿದವರು ಅವರು. ನಿವೃತ್ತಿಯಾದರೂ ಅಳತೆಯ ಟೇಪು ಕೈಚೀಲ ಬಿಟ್ಟಿಲ್ಲ, ಅದಕ್ಕೇ ಆ ಹೆಸರು.

"ಅಳತೆ ತಗೊಂಡ್ನಾ?" ಎಂದರು.

"ಕಣ್ಣಳತೆಯಲ್ಲೇ ಗೊತ್ತಾಗುತ್ತಂತೆ ಅಕ್ಕ," ಎಂದರು ನಮ್ಮವರು.

"ಕಾಗದದಲ್ಲಿ ಬರೆದುಕೊಟ್ನಾ?"

"ಅಂಗಳಕ್ಕೆ ಸಿಮೆಂಟು ಹಾಕೋಕೆ ಕರಾರು ಪತ್ರನಾ? ಬಾಯಿಮಾತು ಸಾಕು. ಆಯ್ತು ಅಂದಿದ್ದಾನಲ್ಲ."

"ಯಾವ ಆಯ್ತು ತಮ್ಮಾ? ಒಪ್ಕೊಂಡೆ ಅನ್ನೋ ಆಯ್ತಾ, ಮುಗೀತು ಅನ್ನೋ ಆಯ್ತಾ, ಸಾಕು ಬಾಯಿ ಮುಚ್ಚಿ ಅನ್ನೋ ಆಯ್ತಾ?"

ಟೇಪಕ್ಕನೇ ಮುಂದುವರಿಸಿದರು.

"ಅವನು ಹಿಂದೆ ಮಾಡಿರೋ ಕೆಲಸ ನೋಡ್ಕೊಂಡು ಬನ್ನಿ. ಒಂದು ಮಳೆಗಾಲ ಕಂಡಿರೋದನ್ನೇ ನೋಡಿ. ಹೋಗೋವಾಗ ಒಂದು ಚೊಂಬು ನೀರು ತಗೊಂಡು ಹೋಗಿ."

"ಚೊಂಬು ಯಾಕಕ್ಕ?"

"ಈಗ ನೀವು ತಗೊಂಡು ಹೋಗ್ಲಿಲ್ಲ ಅಂದ್ರೆ, ಆಮೇಲೆ ಅವನೇ ನಿಮ್ಮ ಕೈಗೆ ಕೊಡ್ತಾನೆ."

ಎರಡು ಬೀದಿ ಆಚೆ ಒಬ್ಬ ದರ್ಜಿಯ ಮನೆಯ ಅಂಗಳ ಆ ಗುತ್ತಿಗೆದಾರನದೇ ಕೆಲಸ. ಇಬ್ಬರೂ ಅಲ್ಲಿಗೆ ಹೋದೆವು, ನಮ್ಮವರು ನೀರು ಹುಯ್ದರು. ನೀರು ಬೀದಿಯ ಕಡೆ ನೋಡಲೇ ಇಲ್ಲ. ಮೆಲ್ಲಗೆ ತಿರುಗಿ ದರ್ಜಿಯ ಬಾಗಿಲಿಗೇ ಬಂತು. ನೆಲದ ತುಂಬ ಬಿರುಕು.

"ಮಳೆ ಬಂದ್ರೆ ಬಾಗಿಲಿಗೆ ಚಿಂದಿ ಬಟ್ಟೆ ತುರುಕ್ತೀನಿ," ಎಂದರು ದರ್ಜಿ. "ಫೋನ್ ಮಾಡಿದ್ರೆ ‘ಆಯ್ತು ಬಿಡಿ, ಬರ್ತೀನಿ’ ಅಂತಾನೆ. ಎಂಟು ತಿಂಗಳಿಂದ ಬರ್ತಾನೇ ಇದ್ದಾನೆ."

ಖಾಲಿ ಚೊಂಬು ಹಿಡಿದು ನಮ್ಮವರು ಮನೆಯ ಕಡೆ ಹೊರಟರು. ಗೇಟಿನ ಹತ್ತಿರ ಬಂದಾಗ, "ಸದ್ಯ, ಬಚಾವಾದ್ವಿ ಕಣೇ," ಎಂದು ಉಸಿರು ಬಿಟ್ಟರು. ನಾಳೆ ಬರಬೇಡಿ ಎಂದು ಆಗಲೇ ಅವನಿಗೆ ಫೋನು ಮಾಡಿದರು.

ಆಮೇಲೆ ಬಂದವರು ಒಬ್ಬ ಹಿರಿಯ ಮೇಸ್ತ್ರಿ. ಬಂದವರೇ ಕುಕ್ಕರಗಾಲಲ್ಲಿ ಕೂತು, ಮಣ್ಣನ್ನು ಬೆರಳಲ್ಲಿ ಕೆದಕಿ ನೋಡಿದರು.

"ನಾಳೆ ಮುಗಿಸ್ತೀರಾ?" ಎಂದರು ನಮ್ಮವರು.

"ಆಗಲ್ಲ ಸಾರ್. ಸಡಿಲ ಮಣ್ಣು ತೆಗೀಬೇಕು, ಜಲ್ಲಿ ಹಾಕಿ ಗಟ್ಟಿಯಾಗಿ ಬಡೀಬೇಕು. ಕೆಳಗಡೆ ಮೆತ್ತಗಿದ್ರೆ ಮೇಲೆ ಬಂಗಾರ ಸುರಿದ್ರೂ ಕುಸಿಯುತ್ತೆ."

"ಬಿರುಕೇ ಬಿಡಲ್ಲ ಅಂತ ಬರೆದುಕೊಡ್ತೀರಾ?"

"ಅದೂ ಆಗಲ್ಲ. ಕಾಂಕ್ರೀಟು ಬಿರಿಯೋದೇ. ಎಲ್ಲಿ ಬಿರೀಬೇಕು ಅಂತ ನಾವು ಹೇಳಬೇಕು. ಎಂಟಡಿಗೊಂದು ಗೀಟು ಕೊರೆದ್ರೆ ಬಿರುಕು ಗೀಟಿನೊಳಗೇ ಅಡಗುತ್ತೆ."

"ಇವರೇನು ಎಲ್ಲಕ್ಕೂ ಆಗಲ್ಲ ಅಂತಾರೆ," ಎಂದು ನಮ್ಮವರು ನನ್ನ ಕಿವಿಯಲ್ಲಿ ಗೊಣಗಿದರು. ಕಾಂಪೌಂಡಿನ ಆಚೆಯಿದ್ದ ಟೇಪಕ್ಕನ ಕಿವಿ ಚುರುಕು. "ಆಗಲ್ಲ ಅನ್ನೋಕೆ ಕೆಲಸ ಗೊತ್ತಿರಬೇಕು ತಮ್ಮಾ," ಎಂದರು.

ಈ ಮೇಸ್ತ್ರಿಯ ಹಳೆಯ ಕೆಲಸವನ್ನೂ ನೋಡಿಬಂದೆವು. ಹುಯ್ದ ನೀರು ನೆಟ್ಟಗೆ ಬೀದಿಯ ಚರಂಡಿಗೆ ಹೋಯಿತು. ನಂಬದೆ ನಮ್ಮವರು ಇನ್ನೊಂದು ಚೊಂಬು ಹುಯ್ದರು. ಮೂರನೆಯದನ್ನು ಬರೀ ಖುಷಿಗೆ ಹುಯ್ದರು.

ಮೇಸ್ತ್ರಿ ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಟ್ಟರು. ದಪ್ಪ ನಾಲ್ಕಿಂಚು. ಗೇಟಿನ ಕಡೆಗೆ ನಾಲ್ಕಡಿಗೆ ಒಂದಿಂಚು ಇಳಿಜಾರು. ಹೊಸ್ತಿಲ ಹತ್ತಿರ ಮೆಟ್ಟಿಲಿಲ್ಲ. ಏಳು ದಿನ ಒದ್ದೆಯಾಗಿಡಬೇಕು, ಒಂದು ತಿಂಗಳು ಕಾರು ಹತ್ತಿಸಬಾರದು. ವರ್ಷದೊಳಗೆ ಕುಸಿದರೆ ತಾವೇ ಬಂದು ಸರಿಮಾಡುವುದು. ಕೊನೆಯ ಕಂತು, ನೀರು ಹುಯ್ದು ನೋಡಿದ ಮೇಲೆ. ಪ್ರತಿ ಸಾಲಿನ ಎದುರಿಗೂ ಜಾಗ ಖಾಲಿ ಬಿಟ್ಟಿದ್ದರು. "ಕೆಲಸ ಆದ ಮೇಲೆ ನೀವೇ ನೋಡಿ ಅಲ್ಲಿ ‘ಆಯ್ತು’ ಅಂತ ಬರೀರಿ," ಎಂದರು.

ಕಾಂಕ್ರೀಟು ಸುರಿಯುವ ಮೊದಲು ಟೇಪಕ್ಕ ಟೇಪು ಇಳಿಬಿಟ್ಟರು. ಒಂದು ಮೂಲೆಯಲ್ಲಿ ಕಾಂಕ್ರೀಟಿಗೆ ಮೂರೂವರೆ ಇಂಚು ಆಳವೇ ಇತ್ತು. ಮೇಸ್ತ್ರಿ ಜಲ್ಲಿ ಕೆದರಿ ತೆಗೆದು, ಮತ್ತೆ ಬಡಿದು ಸರಿಮಾಡಿದರು. ಆಮೇಲೆಯೇ ನಾನು ಆ ಸಾಲಿಗೆ ‘ಆಯ್ತು’ ಬರೆದೆ.

ಏಳು ದಿನ ನಮ್ಮವರೇ ಗೋಣಿಚೀಲ ಹಾಸಿ ನೀರು ಬಿಟ್ಟರು. ಬಾಗಿಲಲ್ಲಿ ಕೂತ ಅತ್ತೆಯದು ಮೇಲುಸ್ತುವಾರಿ: "ಆ ಮೂಲೆ ಒಣಗಿದೆ ನೋಡೋ."

ಎಂಟನೆಯ ದಿನ ಹುಯ್ದ ಚೊಂಬು ನೀರು ನೆಟ್ಟಗೆ ಗೇಟಿನ ಕಡೆ ಹೋದ ಮೇಲೆ ಕೊನೆಯ ಕಂತು ಕೊಟ್ಟೆವು. ಎಷ್ಟೋ ಹೊತ್ತು ಪುಸಲಾಯಿಸಿದ ಮೇಲೆ ಅತ್ತೆ ಆಸ್ಪತ್ರೆಗೆ ಹೊರಟರು. ನಮ್ಮವರು ಕುರ್ಚಿಯ ಹಿಡಿ ಹಿಡಿದು ಹೊಸ್ತಿಲು ದಾಟಿಸಿದರು. ಕುಲುಕಲಿಲ್ಲ, ಸಿಕ್ಕಿಕೊಳ್ಳಲಿಲ್ಲ. ಐದಾರು ಹೆಜ್ಜೆಯಾಗಿರಬೇಕು. ಅತ್ತೆ ಎರಡೂ ಕೈ ಗಾಲಿಯ ಮೇಲಿಟ್ಟರು.

"ಆಯ್ತು, ಬಿಡು," ಎಂದರು.

"ಹಿಡ್ಕೊಂಡಿರ್ತೀನಮ್ಮಾ."

"ಬಿಡು ಅಂದ್ನಲ್ಲ."

ನಮ್ಮವರು ಬಿಟ್ಟರು. ಅತ್ತೆ ತಾವೇ ಗಾಲಿ ತಿರುಗಿಸುತ್ತಾ ಗೇಟಿನವರೆಗೆ ಹೋದರು, ಎದುರುಮನೆಯವರನ್ನು ತಾವೇ ಕರೆದು ಮಾತಾಡಿಸಿದರು. ಎದೆಯ ಮೇಲಿನ ಭಾರ ಇಳಿದಂತಾಗಿ ನಾನು ಅತ್ತುಬಿಟ್ಟೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗೇಟಿನ ಮುಂದೆಯೂ ಒಬ್ಬರು ಬೈಕಿನ ಮೇಲೇ ಕೂತು ‘ಆಯ್ತು ಬಿಡಿ’ ಎನ್ನಬಹುದು. ಬಿಡಬೇಡಿ. ಇಳಿದು ಅಳತೆ ತೆಗೆಯಲು ಹೇಳಿ, ಬರೆಸಿಕೊಳ್ಳಿ, ಕೆಲಸ ನೋಡಿದ ಮೇಲೆಯೇ ಕೊನೆಯ ಕಂತು ಕೊಡಿ. ಎಲ್ಲಕ್ಕಿಂತ ಮೊದಲು ಅವರ ಹಳೆಯ ಕೆಲಸದ ಮೇಲೆ ನೀರು ಹುಯ್ದು ನೋಡಿ. ಚೊಂಬು ಬೇಕಾದರೆ ನಮ್ಮನೆಗೆ ಬನ್ನಿ. ಗೇಟಿನ ಹತ್ತಿರ ನಮ್ಮತ್ತೆ ಕೂತಿರುತ್ತಾರೆ, ಅವರನ್ನೇ ಕೇಳಿ.