ಉಜ್ಜಣ್ಣನ ಹೆಬ್ಬೆರಳು

ಉಜ್ಜಣ್ಣನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಇಪ್ಪತ್ತಾರು ವರ್ಷ ನಮ್ಮ ಖನಿಜ ಪ್ರಯೋಗಾಲಯದಲ್ಲಿ ಶಿಲೆಯ ಚೂರುಗಳನ್ನು ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ ಉಜ್ಜಿ ಅವನ ಬೆರಳೇ ಸವೆದುಹೋಗಿತ್ತು. ಬೆರಳಚ್ಚು ನೋಡುವ ಹೊಸ ಹಾಜರಿ ಯಂತ್ರ ದಿನಾ ಅವನನ್ನು ಗೈರುಹಾಜರೆಂದು ಸಾರುತ್ತಿತ್ತು. "ಇದ್ದೀನಪ್ಪಾ, ಸರಿಯಾಗಿ ನೋಡು" ಎಂದು ಅದನ್ನು ಗದರಿಯೇ ಅವನು ಒಳಗೆ ಬರುತ್ತಿದ್ದ.

ಒಂದು ಭುಜ ತಗ್ಗಿಸಿ, ನಡೆಯುವಾಗಲೂ ಕಲ್ಲನ್ನು ಒತ್ತುತ್ತಿರುವವನಂತೆ ನಡೆಯುತ್ತಿದ್ದ. ಕಲ್ಲುಪುಡಿ ಮೆತ್ತಿದ ಅವನ ಕೋಟನ್ನು ಮನೆಯ ಬಟ್ಟೆಗಳೊಡನೆ ಒಗೆಯಲು ಹೆಂಡತಿ ಸುತರಾಂ ಒಪ್ಪುತ್ತಿರಲಿಲ್ಲ. "ಮನೇಲಿ ಒಂದು ಲೋಟ ಉಜ್ಜಿಕೊಡಿ ಅಂದ್ರೆ ಇವರಿಗೆ ಕೈನೋವು" ಎಂದು ಆಕೆ ನನ್ನೆದುರೇ ಹಂಗಿಸಿದ್ದುಂಟು.

ಶಿಲಾಸ್ತೋಮಗಳೆರಡು ಒಂದನ್ನೊಂದು ತಿಕ್ಕುತ್ತ ಸರಿದು ನುಗ್ಗುನುರಿಯಾದ ಷಿಯರ್ ವಲಯವೊಂದರಲ್ಲಿ ಯುರೇನಿಯಂಗಾಗಿ ಆಳಕ್ಕೆ ಕೊರೆಯುತ್ತಿದ್ದ ಕಾಲವದು. ಅಲ್ಲಿಯ ಕಲ್ಲಿನ ಬಳಿ ವಿಕಿರಣಮಾಪಕ ಹಿಡಿದರೆ ಟಿಕಟಿಕ ಸದ್ದು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಬರೀ ತೂತುಗಳು. ಉಜ್ಜಣ್ಣನ ಕೆಲಸ ಕಿತ್ತುಕೊಂಡಿದ್ದ ಹೊಸ ಉಜ್ಜುಯಂತ್ರ ಉಜ್ಜಿದ ಪಟ್ಟಿಗಳವು. ಸೋಮವಾರದೊಳಗೆ ಖನಿಜ ತೋರಿಸದಿದ್ದರೆ ಕೊರೆತ ನಿಲ್ಲಿಸಬೇಕೆಂದು ಮೇಲಿನವರ ಆಜ್ಞೆ. ನಾನೋ, "ಖನಿಜವಿಲ್ಲ" ಎಂದು ವರದಿ ಬರೆದು ಕೈತೊಳೆದುಕೊಂಡಿದ್ದೆ.

ಉಜ್ಜಣ್ಣ ಕೇಳದೆಯೇ ಬಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟ. "ತೂತಿನ ಸುತ್ತ ಕಪ್ಪು ಬಳೆ ನೋಡಿದ್ರಾ ಸಾರ್? ಸುಡೋನು ಇಲ್ಲದೆ ಸುಟ್ಟ ಗಾಯ ಎಲ್ಲಿಂದ ಬಂತು? ಖನಿಜ ಇತ್ತು. ಯಂತ್ರ ಕಿತ್ತುಹಾಕಿದೆ."

ಯುರೇನಿಯಂ ಕಣದ ವಿಕಿರಣ ಸುತ್ತಲಿನ ಅಭ್ರಕವನ್ನು ಕಪ್ಪಾಗಿಸುತ್ತದೆಂದು ವರ್ಷಗಟ್ಟಲೆ ಪಾಠ ಹೇಳಿದವನು ನಾನೇ.

ಗುರುವಾರ ಅವನು ಆ ಪುಡಿಪುಡಿ ಕಲ್ಲಿಗೆ ಅಂಟು ಕುಡಿಸಿ, ಕೈಯಲ್ಲೇ ಉಜ್ಜಲು ಕುಳಿತ. ಮೊದಲ ಪಟ್ಟಿಯಲ್ಲಿ ಕಣ ಉದುರಿತು. ಎರಡನೆಯದರಲ್ಲೂ. ಹನ್ನೊಂದನೆಯದಕ್ಕೆ ಹೆಬ್ಬೆರಳೇ ಒಡೆಯಿತು. ನಾನು ಬಟ್ಟೆ ಸುತ್ತಲು ಹೋದರೆ, "ಬೇಡ ಸಾರ್, ಆಮೇಲೆ ಕಲ್ಲು ಏನು ಹೇಳುತ್ತೆ ಅಂತ ಗೊತ್ತಾಗಲ್ಲ" ಎಂದು ಎಡಗೈ ಹೆಬ್ಬೆರಳನ್ನು ಕಲ್ಲಿಗೆ ಒತ್ತಿದ. ಸೋಮವಾರ ಬೆಳಿಗ್ಗೆ, ಹದಿನಾಲ್ಕನೆಯ ಪಟ್ಟಿಯಲ್ಲಿ, ಬಳೆಯ ನಡುವೆ ಕರಿಯ ಕಣವೊಂದು ಕದಲದೆ ಕುಳಿತಿತ್ತು. ನನ್ನ ವರದಿಯನ್ನು ನಾನೇ ಹರಿದೆ. ಕೊರೆತ ಮುಂದುವರಿಯಿತು. ಅಂದೂ ಹಾಜರಿ ಯಂತ್ರ ಅವನನ್ನು ಗೈರುಹಾಜರೆಂದೇ ಬರೆದುಕೊಂಡಿತು.

ಖಾಲಿಯೆಂದು ನಾವು ಷರಾ ಬರೆದು ಎದ್ದುಹೋದ ಕಡೆ, ಇಲ್ಲೇನೋ ಇತ್ತು ಎಂದು ಹಟ ಹಿಡಿದು ಕೂರುವವರ ಕುಲವೇ ಬೇರೆ. ಅವರಿಗೆ ಲೋಕದ ಮನ್ನಣೆ ಬೇಕಿಲ್ಲವೆಂದು ನಾನು ಹೇಳಲಾರೆ. ಉಜ್ಜಣ್ಣನಿಗಂತೂ ಖಂಡಿತ ಬೇಕಿತ್ತು. ಸಿಗದಿದ್ದರೂ ಅಂಥವರು ಮರುದಿನ ಹೊತ್ತಿಗೆ ಸರಿಯಾಗಿ ಬಂದು, ಸವೆದ ಬೆರಳನ್ನು ಮತ್ತೆ ಕಲ್ಲಿನ ಮೇಲಿಡುತ್ತಾರೆ.