ಜೀಪಿನೊಳಗಿನ ಮೊಳೆ

ಸೀಟಿನ ಕೆಳಗೆ ಕೊಡೆಗಾಗಿ ತಡಕಾಡುತ್ತಿದ್ದ ದ್ರಾಕ್ಷಾಯಣಿಯ ಬೆರಳಿಗೆ ಜಿಡ್ಡು ಹತ್ತಿತು. ಜೀಪಿನ ಗ್ರೀಸಿರಬೇಕು ಎಂದುಕೊಂಡು ಮೂಸಿದಳು. ಗ್ರೀಸಲ್ಲ. ಈರುಳ್ಳಿ, ಮಸಾಲೆ, ಕಾದ ಎಣ್ಣೆ. ಮತ್ತೆ ಕೈ ಹಾಕಿದಾಗ ಉಂಡೆ ಮಾಡಿ ಮೂಲೆಗೆ ತುರುಕಿದ್ದ ಕಾಗದವೊಂದು ಸಿಕ್ಕಿತು. ಬಿಡಿಸಿದಳು. ಒಂದು ಚೂರೂ ಉಳಿಸದೆ ಬೆರಳಲ್ಲಿ ಬಳಿದು ತಿಂದಂತಿತ್ತು.

ಒಳಗೆ ಗಂಡ ಶಾಂತಮಲ್ಲಪ್ಪ ಪೂಜೆಗೆ ಕೂತಿದ್ದ. ಅವನು ಹೇಳಿಕೊಳ್ಳುತ್ತಿದ್ದ ವಚನ ಕಿಟಕಿಯಿಂದ ತೇಲಿ ಬರುತ್ತಿತ್ತು. ಅವನ ದನಿ ಚೆನ್ನಾಗಿತ್ತು. ಮದುವೆಯಾದ ಹೊಸದರಲ್ಲಿ ಅವಳು ಆ ದನಿಗಾಗಿಯೇ ಬೆಳಗ್ಗೆ ಬೇಗ ಏಳುತ್ತಿದ್ದಳು. ಈಗ ಕಾಗದ ಹಿಡಿದು ನಿಂತು ಅದನ್ನು ಕೇಳುವಾಗ, ಬೇರೆ ಯಾರದೋ ಮನೆಯ ಗಂಡಸು ಹಾಡುತ್ತಿದ್ದಾನೆ ಅನ್ನಿಸಿತು.

ತಲೆ ಎತ್ತಿದಾಗ ಕನ್ನಡಿಯ ಪಕ್ಕದ ಮೊಳೆ ಕಂಡಿತು. ಟವೆಲ್ ತೂಗುಹಾಕಲು ಹೊಡೆದದ್ದು ಎಂದು ಅವನೇ ಹೇಳಿದ್ದ. ಆದರೆ ಟವೆಲ್ ಯಾವಾಗಲೂ ಅವನ ಹೆಗಲ ಮೇಲೇ ಇರುತ್ತಿತ್ತು. ಮೊಳೆಯ ಕತ್ತಿನ ಸುತ್ತ ಬೆಳ್ಳಗೆ ಏನೋ ಮೆತ್ತಿತ್ತು. ಮುಟ್ಟಿ ನೋಡಿದಳು. ವಿಭೂತಿ. ಜೊತೆಗೆ ಕೆಂಪು ದಾರದ ಒಂದು ಎಳೆ ಮೊಳೆಯ ತುಕ್ಕಿಗೆ ಸಿಕ್ಕಿಕೊಂಡಿತ್ತು. ಅವನು ಲಿಂಗ ಕಟ್ಟಿಕೊಳ್ಳುವ ಶಿವದಾರದ ಬಣ್ಣ ಅದು. ಹಬ್ಬಕ್ಕೆ ಅವಳೇ ಹೊಸದಾಗಿ ಹೊಸೆದು ಕೊಟ್ಟಿದ್ದಳು.

ಅವಳು ನಿಂತಲ್ಲೇ ನಿಂತಳು. ಇಷ್ಟಲಿಂಗವನ್ನು ಕೊರಳಿಂದ ತೆಗೆದು ಮೊಳೆಗೆ ತೂಗುಹಾಕಿ ಮಾಡುವಂಥ ಕೆಲಸ ಯಾವುದು? ಮಗ್ಗೆಯ ತವರಿನಲ್ಲಿ ಅವಳ ಚಿಕ್ಕಪ್ಪನೊಬ್ಬ ಹೀಗೇ ಮಾಡುತ್ತಿದ್ದ. ಲಿಂಗವಿರುವ ಕರಡಿಗೆಯನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿ ಸಾರಾಯಿ ಅಂಗಡಿಗೆ ನುಗ್ಗುವುದು, ಹಿಂದಿರುಗುವಾಗ ಮತ್ತೆ ಕೊರಳಿಗೆ ಹಾಕಿಕೊಂಡು ಬರುವುದು. ಒಮ್ಮೆ ಮರೆತು ಬಂದ. ಅಲ್ಲಿಂದಾಚೆ ಅಜ್ಜಿ ಅವನಿಗೆ ತನ್ನ ಕೈಯಿಂದ ಅನ್ನ ಬಡಿಸಲಿಲ್ಲ.

"ಏನ್ ಸಿಕ್ತು ಅಮ್ಮಾವ್ರೆ, ಜೀಪಲ್ಲಿ?" ಅಂಗಳದಲ್ಲಿ ಕಾಫಿ ಹಣ್ಣು ಹರಡುತ್ತಿದ್ದ ಭೂತಮ್ಮ ಕೇಳಿದಳು.

"ಏನಿಲ್ಲ. ಕೊಡೆ ಇಲ್ಲ."

ಕಾಗದವನ್ನು ಸೆರಗಿನ ಗಂಟಿಗೆ ಸೇರಿಸಿಕೊಂಡಳು.

ಶಿವರಾತ್ರಿಗೆ ಮುಂಚೆ ಸಕಲೇಶಪುರದ ಡಾಕ್ಟರಮ್ಮ ಶಾಂತಮಲ್ಲಪ್ಪನ ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಹತ್ತಿರ ಬಂದಿದೆ, ತೂಕ ಇಳಿಸಿ ಎಂದಿದ್ದರು. ಅವನು ಮನೆಗೆ ಬಂದವನೇ ಯಾರಿಗೂ ಹೇಳದೆ ಮಠಕ್ಕೆ ಹೋಗಿ, ಅಯ್ಯನವರಾದ ಏಕಾಂತಯ್ಯನವರ ಎದುರು ಒಪ್ಪೊತ್ತಿನ ವ್ರತ ಹಿಡಿದ. ಮಧ್ಯಾಹ್ನ ಒಂದೇ ಊಟ, ಉಳಿದಂತೆ ನೀರು. ಶಿವರಾತ್ರಿಯ ದಿನ ಏಕಾಂತಯ್ಯ ಅದನ್ನು ಮೈಕಿನಲ್ಲಿ ಹೇಳಿಯೂ ಬಿಟ್ಟರು. ಸೇರಿದ್ದ ಜನ ಹಾರ ಹಾಕಿದರು. ದ್ರಾಕ್ಷಾಯಣಿಗೆ ಅಂದು ಹೆಮ್ಮೆಯಾಗಿತ್ತು. ಆಮೇಲೆ ಯಸಳೂರಿನ ಆಸುಪಾಸಿನಲ್ಲಿ ಹೆಂಗಸರು ಗಂಡಂದಿರಿಗೆ ತಟ್ಟೆ ಮುಂದಿಡುವಾಗಲೆಲ್ಲ ಶಾಂತಮಲ್ಲಪ್ಪನ ಹೆಸರು ಎತ್ತತೊಡಗಿದರು.

ಆದರೆ ಅಂಗಿಯ ಗುಂಡಿಗಳು ಬಿಗಿಯಾಗುತ್ತಲೇ ಹೋದವು. ಅವಳು ಪಕ್ಕದ ಹೊಲಿಗೆ ಬಿಚ್ಚಿ ಅಂಗಿಗಳನ್ನು ಅಗಲ ಮಾಡಿಕೊಟ್ಟಳು.

"ಮೂರೊತ್ತು ಉಣ್ಣೋ ನಾನು ಸೌದೆ ಥರ ಒಣಗಿವ್ನಿ, ಒಪ್ಪೊತ್ತು ಉಣ್ಣೋ ಯಜಮಾನ್ರು ಊದ್ತಾವ್ರೆ," ಎಂದು ಭೂತಮ್ಮ ನಕ್ಕಿದ್ದಳು. "ಸಿವ ನಿಮ್ಮೋರ್ಗೆ ಬ್ಯಾರೇನೇ ಲೆಕ್ಕ ಇಟ್ಟವ್ನೆ."

"ನೀರು ಜಾಸ್ತಿ ಕುಡೀತಾರೆ, ಅದ್ಕೆ," ಎಂದು ಅವಳು ಸಮಾಧಾನ ಹೇಳಿದ್ದಳು. ತಾನೂ ನಂಬಿದ್ದಳು.

ಈಗ ಎಲ್ಲವೂ ಬೇರೆಯದೇ ಅರ್ಥ ಕೊಡತೊಡಗಿತು. ಸಂಜೆ ಪೇಟೆಯಿಂದ ಬಂದವನು ಅವಳ ಎದುರು ನಿಲ್ಲದೆ ನೇರ ಬಚ್ಚಲಿಗೆ ಹೋಗುವುದು. ಬಾಯಲ್ಲಿ ಯಾವಾಗಲೂ ಏಲಕ್ಕಿ. "ಸುಸ್ತು ಕಣೆ" ಎಂದು ಗೋಡೆಗೆ ಮುಖ ಮಾಡಿ ಮಲಗುವುದು. ಪಕ್ಕದ ತೋಟದ ಸುಮಿತ್ರಮ್ಮ ಹೋದ ವಾರ ಹಾಲು ಕೊಡಲು ಬಂದಾಗ ಆಡಿದ ಮಾತೂ ನೆನಪಾಯಿತು: "ನಿಮ್ಮೋರ ಜೀಪು ಸಿಲ್ವರ್ ಓಕ್ ತಿರುವಲ್ಲಿ ನಿಂತಿತ್ತಲ್ಲ ದ್ರಾಕ್ಷಾಯಣಿ, ಕೆಟ್ಟೋಗಿತ್ತಾ? ಒಳಗೆ ಯಾರೋ ಕೂತಂಗಿತ್ತು." ಆ 'ಯಾರೋ' ಎಂಬುದನ್ನು ಸುಮಿತ್ರಮ್ಮ ಎಳೆದು ಹೇಳಿದ್ದಳೇ, ಅಥವಾ ಈಗ ತನಗೆ ಹಾಗೆ ಕೇಳುತ್ತಿದೆಯೇ?

ಹೆಂಡವೋ, ಮಾಂಸವೋ, ಹೆಣ್ಣೋ. ಈ ಮೂರರಲ್ಲಿ ಯಾವುದೇ ಆಗಿದ್ದರೂ ತಮ್ಮ ಬಸವಯ್ಯನನ್ನು ಕರೆಸಿಕೊಂಡು ಮಗ್ಗೆಗೆ ಹೋಗುವುದು ಎಂದು ಅವಳು ತೀರ್ಮಾನಿಸಿದಳು. ಕೇಳಿದರೆ ಸುಳ್ಳು ಹೇಳುತ್ತಾನೆ. ಕಣ್ಣಲ್ಲಿ ಕಂಡೇ ಹೋಗಬೇಕು.

ಮಧ್ಯಾಹ್ನ ಬಡಿಸುವಾಗ ಅವನ ಕೈಯನ್ನೇ ನೋಡಿದಳು. ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಅನ್ನ ಅರ್ಪಿಸಿ, ಕಣ್ಣಿಗೊತ್ತಿಕೊಂಡ. ಶಿಸ್ತಾಗಿ ಉಂಡು, ತಟ್ಟೆ ತೊಳೆದ ನೀರನ್ನೂ ಕುಡಿದ. ಎಲ್ಲವೂ ನಾಟಕದಂತೆ ಕಂಡಿತು.

"ಇನ್ನೊಂದ್ಚೂರು ಹಾಕ್ಲಾ?"

"ಬ್ಯಾಡ. ಸಾಕು."

"ಹಸಿವಾಗಲ್ವಾ ಸಂಜೆಗೆ?"

ಅವನು ತಲೆ ಎತ್ತಲಿಲ್ಲ. "ಅಭ್ಯಾಸ ಆಗ್ಬುಟ್ಟೈತೆ."

ಮರುದಿನ ತಮ್ಮನ ಮನೆಗೆ ಹೋಗಿಬರುತ್ತೇನೆ, ಬರುವುದು ನಾಳೆ ಎಂದು ಹೇಳಿ ಬೆಳಗಿನ ಬಸ್ಸು ಹತ್ತಿದಳು. ಸಕಲೇಶಪುರದಲ್ಲಿ ಇಳಿದವಳು ಮಗ್ಗೆಯ ಕಡೆಯ ಬಸ್ಸು ಹಿಡಿಯಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಸೆರಗು ಹೊದ್ದು ಕೂತು, ಬಂದುಹೋಗುವ ಗಂಡಸರನ್ನೆಲ್ಲ ನೋಡುತ್ತ ಹೊತ್ತು ಕಳೆದು, ಮಧ್ಯಾಹ್ನದ ಮೇಲೆ ಯಸಳೂರಿನ ಬಸ್ಸಿಗೆ ವಾಪಸ್ ಹತ್ತಿದಳು. ಕಿಟಕಿಯ ಪಕ್ಕದಲ್ಲೇ ಕೂತಳು.

ಸಿಲ್ವರ್ ಓಕ್ ತಿರುವಿನಲ್ಲಿ ಜೀಪು ನಿಂತಿತ್ತು. ರಸ್ತೆಯಿಂದ ಒಳಕ್ಕೆ, ಹಳೆಯ ಕಾಫಿ ಸ್ಟೋರಿನ ಗೋಡೆಗೆ ಮೂತಿಯಿಟ್ಟು.

"ಇಲ್ಲೇ ನಿಲ್ಸಪ್ಪ."

"ಇಲ್ಲಿ ಸ್ಟಾಪಿಲ್ಲ ಕಣಮ್ಮ," ಎಂದ ಕಂಡಕ್ಟರ್.

"ನಮ್ಮೋರ ಜೀಪದು."

"ಓ, ಶಾಂತಮಲ್ಲಣ್ಣೋರ ಮನೆಯೋರಾ? ಇಳೀರಿ, ಇಳೀರಿ. ಈ ಟ್ರಿಪ್ಪಿಗೆ ಬಂದಾಗೆಲ್ಲ ಇಲ್ಲೇ ನಿಂತಿರ್ತಾರೆ. ಕೇಳಿದ್ರೆ ಇಂಜಿನ್ ಬಿಸಿ ಅಂತಾರೆ. ಇಂಜಿನ್ ಒಂದ್ಸಲ ತೋರಿಸ್ರಮ್ಮ ಯಾರಿಗಾದ್ರೂ."

ಬಸ್ಸಿನಲ್ಲಿ ಯಾರೋ ನಕ್ಕರು. ಅವಳು ಇಳಿದು, ಬಸ್ಸಿನ ಸದ್ದು ತಿರುವು ದಾಟುವವರೆಗೂ ನಿಂತಳು. ಆಮೇಲೆ ಒಣಗಿದ ಎಲೆಗಳ ಮೇಲೆ ಸದ್ದಾಗದಂತೆ ಚಪ್ಪಲಿ ಬಿಟ್ಟು ನಡೆದಳು.

ಜೀಪಿನ ಹಿಂದಿನ ಪರದೆಯ ಸಂದಿಯಿಂದ ಮೊದಲು ಕಂಡದ್ದು ಕರಡಿಗೆ. ಮೊಳೆಗೆ ತೂಗುಬಿದ್ದಿತ್ತು. ಅವನ ಮೈ ಅಲುಗಿದಂತೆ ಅದೂ ಮೆಲ್ಲಗೆ ತೂಗುತ್ತಿತ್ತು. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಕಾಗದದ ಪೊಟ್ಟಣಗಳಿದ್ದವು. ಪಲ್ಯದ ಬನ್ನು, ಬೆಣ್ಣೆ ಬಿಸ್ಕತ್ತು, ಪಫ್, ಸಕ್ಕರೆ ಪಾಕ ಒಸರುವ ಕೇಕು. ಅವನು ತಿನ್ನುತ್ತಿದ್ದ. ಅಗಿಯುವ ಮುಂಚೆಯೇ ಇನ್ನೊಂದು ಕೈ ಮುಂದಿನದನ್ನು ಹರಿಯುತ್ತಿತ್ತು. ರುಚಿ ನೋಡುವವನ ಮುಖವಲ್ಲ ಅದು; ಯಾರೋ ಹಿಂದೆ ನಿಂತು ಬೇಗ ಬೇಗ ಎಂದು ಗದರುತ್ತಿರುವಂತೆ ತಿನ್ನುತ್ತಿದ್ದ.

ಅವಳು ಪಕ್ಕಕ್ಕೆ ಬಂದು ನಿಂತಾಗ ಅವನ ಕೈ ನಿಂತಿತು. ಬಾಯಿ ತುಂಬಿತ್ತು. ನುಂಗಲೂ ಆಗದೆ ಉಗಿಯಲೂ ಆಗದೆ ಅವಳನ್ನೇ ನೋಡಿದ.

ಅವಳು ಜೀಪು ಹತ್ತಿ, ಪೊಟ್ಟಣಗಳನ್ನು ಸರಿಸಿ ಕೂತಳು. ಸೀಟಿನ ಕೆಳಗೆ, ಹಿಂದೆ, ಎಲ್ಲ ಕಡೆ ಕೈಯಾಡಿಸಿದಳು. ನೀರಿನ ಬಾಟಲಿ ಸಿಕ್ಕಿತು. ಮುಚ್ಚಳ ತೆಗೆದು ಮೂಸಿದಳು. ನೀರೇ.

"ಬಾಯಿ ಬಿಡಿ."

ಅವನು ನುಂಗಿ ಬಾಯಿ ಬಿಟ್ಟ. ಅವಳು ಬಗ್ಗಿ ಮೂಸಿದಳು. ಸಕ್ಕರೆ, ಮೈದಾ, ಈರುಳ್ಳಿ. ಬೇರೆ ಏನೂ ಇರಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

"ಇಷ್ಟೇನಾ?"

"ಇಷ್ಟೇ ಅಂತೀಯ," ಎಂದ. "ಕೇಕಿಗೆ ಮೊಟ್ಟೆ ಹಾಕ್ತಾರೋ ಏನೋ. ಕೇಳ್ಲಿಲ್ಲ ನಾನು. ಕೇಳಿದ್ರೆ ಬುಡ್ಬೇಕಾಯ್ತದಲ್ಲ."

"ಯಾಕೆ ತೆಗೆದಿಟ್ರಿ ಲಿಂಗಾನ?"

"ಅರ್ಪಿಸ್ದೆ ಹೆಂಗೆ ತಿನ್ಲಿ. ಇದ್ನ ಹೆಂಗೆ ಅರ್ಪಿಸ್ಲಿ. ಕಾಣ್ದಂಗೆ ಇರ್ಲಿ ಅಂತ."

"ಒಂದ್ಮೊಳ ದೂರಕ್ಕೆ ಕಾಣಲ್ವಾ ಶಿವನಿಗೆ? ಕನ್ನಡಕ ಬೇಕೇನು?"

ಅವನು ನಗಲಿಲ್ಲ. ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದ. "ಒಂದು ಬನ್ನು ತಿಂದು ಹೋಗ್ಬುಡಾಣ ಅಂತ್ಲೇ ಬರ್ತೀನಿ ಕಣೆ. ಆಮೇಲೆ ಕೈ ನನ್ನ ಮಾತು ಕೇಳಲ್ಲ. ಹೊಟ್ಟೆ ತುಂಬಿ ನೋಯ್ತಿದ್ರೂ ನಿಲ್ಲಲ್ಲ. ಕುಡುಕ ಆಗಿದ್ರೆ ಬಾಟ್ಲು ಒಡೆದು ಬದುಕ್ಬೋದು. ಅನ್ನವ ಏನ್ಮಾಡ್ಲಿ? ದಿನಾ ಎದುರಿಗೆ ಬಂದು ಕೂತ್ಕತದೆ."

"ವ್ರತ ಹಿಡಿಯೋ ಮುಂಚೆ ಹಿಂಗಿತ್ತಾ?"

"ಸ್ವಲ್ಪ. ಇಷ್ಟಿರ್ಲಿಲ್ಲ."

ಕಾಫಿ ಗಿಡಗಳ ನಡುವೆ ಎಲ್ಲೋ ಆಳುಗಳು ಕೂಗಾಡಿಕೊಳ್ಳುತ್ತಿದ್ದರು. ಅವಳು ಮೊಳೆಯಿಂದ ಕರಡಿಗೆ ಬಿಡಿಸಿ ಅವನಿಗೆ ಕೊಟ್ಟಳು. ತಾನೇ ಅವನ ಕೊರಳಿಗೆ ಹಾಕಲಿಲ್ಲ.

ಮಗ್ಗೆಗೆ ಅವಳು ಹೋಗಲಿಲ್ಲ. ಹೋಗುವುದಿಲ್ಲ ಎಂದು ಅವನಿಗೆ ಹೇಳಲೂ ಇಲ್ಲ. ಡಾಕ್ಟರಮ್ಮನ ಬಳಿಗೆ ಅವನನ್ನು ಕರೆದುಕೊಂಡು ಹೋದಳು. ಅವನು ಬಾಗಿಲ ಕಡೆ ನೋಡುತ್ತ ಅರ್ಧ ಹೇಳಿದ, ಉಳಿದರ್ಧವನ್ನು ಅವಳು ಹೇಳಿದಳು. ಡಾಕ್ಟರಮ್ಮ ಬಯ್ಯಲಿಲ್ಲ. "ಊಟ ಬಿಡಿ ಅಂತ ನಾನು ಯಾವಾಗ ಹೇಳಿದೆ? ಮಿಕ್ಕ ಹೊತ್ತೆಲ್ಲ ಉಪವಾಸ ಕೆಡವಿದ್ರೆ ಮೈ ಹಿಂಗೇ ತಿರುಗಿ ಬೀಳುತ್ತೆ. ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ಊಟ ಮಾಡಿ. ಕೂತು, ತಟ್ಟೇಲಿ, ಯಾರ ಜೊತೆಗಾದ್ರೂ. ಮಧ್ಯೆ ಒಂದಿನ ಕೈ ಮೀರಿ ತಿಂದ್ರೆ, ಅದಕ್ಕೆ ಶಿಕ್ಷೆ ಅಂತ ಮಾರನೇ ದಿನ ಊಟ ಬಿಡಬೇಡಿ. ಇದು ಒಂದು ವಾರದಲ್ಲಿ ಹೋಗೋದಲ್ಲ."

ದಾರಿಯಲ್ಲಿ ಶಾಂತಮಲ್ಲಪ್ಪ, "ಮಠದಲ್ಲಿ ಆಡಿದ ಮಾತು," ಎಂದ.

"ಎಲ್ಲಾರ ಮುಂದೆ ಹಿಡಿದ್ರಿ. ಎಲ್ಲಾರ ಮುಂದೇ ಬಿಡಿ. ಕದ್ದು ಬಿಟ್ರೆ ಅದೂ ಈ ಮೊಳೆ ಥರಾನೇ."

"ಆಗ್ಲಿ," ಎಂದ. ಇಷ್ಟು ಬೇಗ ಒಪ್ಪಿದ್ದೇ ಅವಳಿಗೆ ಅನುಮಾನವಾಯಿತು.

ಕಾರ್ತಿಕದ ಸೋಮವಾರ ಸಂಜೆ ಮಠದಲ್ಲಿ ದೀಪ ಹಚ್ಚಿ, ವಚನ ಹೇಳಿ, ಆಮೇಲೆ ಎಲ್ಲರಿಗೂ ಪ್ರಸಾದ. ಅಷ್ಟು ದಿನ ಶಾಂತಮಲ್ಲಪ್ಪ ಆ ಹೊತ್ತಿನಲ್ಲಿ ಕಂಬಕ್ಕೊರಗಿ ಕಣ್ಮುಚ್ಚಿ ಕೂರುತ್ತಿದ್ದ. ಜನ ಗೌರವದಿಂದ ಅವನನ್ನು ಸುತ್ತಿಬಳಸಿ ದೂರದಿಂದಲೇ ಹೋಗುತ್ತಿದ್ದರು. ಅಂದು ಅವನು ಕಂಬದ ಬಳಿ ನಿಂತ, ಸ್ವಲ್ಪ ಹೊತ್ತು ನಿಂತೇ ಇದ್ದ. ಹೆಂಗಸರ ಸಾಲಿನಲ್ಲಿ ಕೂತಿದ್ದ ದ್ರಾಕ್ಷಾಯಣಿ, ಹೊರಗೆ ಹೋಗಿಬಿಡುತ್ತಾನೆ ಎಂದುಕೊಂಡಳು. ಜೀಪಿನ ಕೀಲಿ ಅವನ ಜೇಬಿನಲ್ಲಿದೆ ಎಂಬುದೂ ನೆನಪಾಯಿತು. ಅವನು ಬಂದು ಗಂಡಸರ ಸಾಲಿನ ಕೊನೆಯಲ್ಲಿ, ಎಲೆಯ ಮುಂದೆ ಕೂತ.

ಮಾತುಗಳು ಒಂದೊಂದಾಗಿ ನಿಂತವು.

"ಏನಣ್ಣ, ವ್ರತ ಮುಗೀತಾ?" ಎಂದು ಪಕ್ಕದಲ್ಲಿದ್ದ ಸಿದ್ದಯ್ಯ ಕೇಳಿದ.

"ಮುಗೀಲಿಲ್ಲ ಕಣಪ್ಪ. ನನ್ ಕೈಲಾಗ್ಲಿಲ್ಲ."

"ಹಾಕಿದ್ ಹಾರ ವಾಪಸ್ ಕೊಡ್ತೀಯ ಹಂಗಾದ್ರೆ," ಎಂದ ಸಿದ್ದಯ್ಯ. ಒಂದಿಬ್ಬರು ನಕ್ಕರು. ಶಾಂತಮಲ್ಲಪ್ಪನ ಕಿವಿ ಕೆಂಪಾದದ್ದು ಹೆಂಗಸರ ಸಾಲಿನವರೆಗೂ ಕಂಡಿತು.

ಅನ್ನದ ಪಾತ್ರೆ ಹಿಡಿದು ಬರುತ್ತಿದ್ದ ಏಕಾಂತಯ್ಯ ಅವನ ಎದುರು ನಿಂತರು. ಮೈಕಿನಲ್ಲಿ ಅವನನ್ನು ಹೊಗಳಿದ್ದವರು ಅವರೇ. ಬಯ್ಯುತ್ತಾರೋ, ಮುಂದಕ್ಕೆ ಹೋಗಿಬಿಡುತ್ತಾರೋ ಎಂದು ಎಲ್ಲರೂ ನೋಡುತ್ತಿದ್ದರು. ಅವರ ಮುಖದಲ್ಲೂ ಏನೋ ಮುರಿದಂತಿತ್ತು. ಕೊನೆಗೆ ಸೌಟು ಎತ್ತಿದರು.

"ಎಷ್ಟು ಹಾಕ್ಲಿ?"

"ಒಂದು ಸೌಟು, ಅಯ್ಯನೋರೆ."

ಒಂದು ಸೌಟು ಹಾಕಿ ಅವರು ಮುಂದೆ ಹೋದರು. ಶಾಂತಮಲ್ಲಪ್ಪ ಲಿಂಗವನ್ನು ಅಂಗೈಗೆ ತೆಗೆದುಕೊಂಡ. ಅನ್ನ ಅರ್ಪಿಸಿ ಕಣ್ಣಿಗೊತ್ತಿಕೊಂಡ.

ಆಮೇಲೆ ಯಾರ ಮನೆಯ ಹೆಂಗಸೂ ಅವನ ಹೆಸರು ಎತ್ತಲಿಲ್ಲ. ಸುಮಿತ್ರಮ್ಮ ಹಾಲು ಕೊಡಲು ಬಂದಾಗ, "ಪಾಪ, ಗಂಡಸ್ರಿಗೆ ಕಷ್ಟ," ಎಂದು ಅಡುಗೆಮನೆಯತ್ತ ಕಣ್ಣು ಹಾಯಿಸಿದಳು. ಮನೆಯಲ್ಲಿ ಬೆಳಗ್ಗೆ ರೊಟ್ಟಿ, ಮಧ್ಯಾಹ್ನ ಅನ್ನ, ಸಂಜೆ ದೀಪ ಹಚ್ಚಿದ ಮೇಲೆ ಮತ್ತೊಂದು ಸಣ್ಣ ಊಟ ನಡೆಯಿತು. ಅವನು ಬೇಗ ಬೇಗ ನುಂಗತೊಡಗಿದರೆ ಅವಳು ಏನನ್ನೋ ಕೇಳುತ್ತಿದ್ದಳು; ಮೆಣಸಿನ ಬಳ್ಳಿ, ಆಳಿನ ಜಗಳ, ಏನಾದರೂ. ಉತ್ತರ ಕೊಡಲು ಅವನು ಕೈ ನಿಲ್ಲಿಸಬೇಕಿತ್ತು. ಒಂದು ಸಂಜೆ ಪೇಟೆಯಿಂದ ಬಂದವನು ಬಚ್ಚಲಿಗೆ ಹೋಗದೆ ಬಾಗಿಲಲ್ಲೇ ನಿಂತ. "ಇವತ್ತು ತಿಂದ್ಬುಟ್ಟೆ. ಪೂರ್ತಿ."

"ಸರಿ. ಕೂರಿ. ಸಂಜೆ ಊಟ ಬಿಡ್ಬೇಡಿ."

ಅವನಿಗೆ ಹಸಿವಿರಲಿಲ್ಲ. ಆದರೂ ಕೂತ, ಎರಡು ತುತ್ತು ಉಂಡ.

ಹಾಗೆಂದು ಅವಳಿಗೆ ನಂಬಿಕೆ ಬಂದಿತ್ತೆಂದಲ್ಲ. ಅವನು ಪೂಜೆಗೆ ಕೂತ ಹೊತ್ತಿನಲ್ಲಿ ಜೀಪಿನ ಸೀಟಿನ ಕೆಳಗೆ ಕೈ ಹಾಕುವುದನ್ನು ಅವಳು ಬಿಟ್ಟಿರಲಿಲ್ಲ. ಮೊಳೆಯನ್ನು ಅವನು ಕಿತ್ತಿರಲಿಲ್ಲ. ಕೀಳಿ ಎಂದು ಅವಳು ಹೇಳಿರಲೂ ಇಲ್ಲ.

ಕೊಯ್ಲು ಮುಗಿಯುತ್ತ ಬಂದ ಒಂದು ಬೆಳಗ್ಗೆ ಸೀಟಿನ ಕೆಳಗೆ ಮತ್ತೊಂದು ಕಾಗದ ಕೈಗೆ ಸಿಕ್ಕಿತು. ಕಿಟಕಿಯಿಂದ ವಚನ ಕೇಳುತ್ತಿತ್ತು. ಅವಳು ಕಾಗದ ಹಿಡಿದೇ ಮೊದಲು ಮೊಳೆಯ ಕಡೆ ನೋಡಿದಳು. ಮೊಳೆಯಿಂದ ಕನ್ನಡಿಗೆ ಜೇಡ ಒಂದು ಎಳೆ ಕಟ್ಟಿತ್ತು. ಎಳೆಯ ಮೇಲೆ ಧೂಳು ಕೂತಿತ್ತು. ಬಹಳ ದಿನದಿಂದ ಆ ಮೊಳೆಗೆ ಏನನ್ನೂ ತೂಗುಹಾಕಿರಲಿಲ್ಲ.

ಆಮೇಲೆ ಕಾಗದ ಬಿಡಿಸಿದಳು. ಒಳಗೆ ಅರ್ಧ ಬನ್ನು ಇತ್ತು. ಹಲ್ಲಿನ ಗುರುತಿರಲಿಲ್ಲ, ಕೈಯಲ್ಲಿ ಮುರಿದದ್ದು. ಅರ್ಧ ತಿಂದು, ಉಳಿದರ್ಧವನ್ನು ಎತ್ತಿಟ್ಟಿದ್ದ.

ಅವಳು ಅದನ್ನು ಒಳಗೆ ತಂದು ಬೆಳಗಿನ ರೊಟ್ಟಿಯ ಪಕ್ಕದಲ್ಲಿ, ಅವನ ತಟ್ಟೆಯಲ್ಲಿಟ್ಟಳು. ಪೂಜೆ ಮುಗಿಸಿ ಬಂದವನು ತಟ್ಟೆ ನೋಡಿದ, ಅವಳನ್ನು ನೋಡಿದ. ಕೂತು, ಅರ್ಪಿಸಲು ಕರಡಿಗೆ ಬಿಚ್ಚತೊಡಗಿದ. ಅವಳು ತನ್ನ ತಟ್ಟೆಯನ್ನೂ ತಂದು ಎದುರಿಗೆ ಕೂತಳು.